ಎಂಟು ಜೋಲಿಯ ಕೇಬಲ್

ಮೂರು ಸಲ ತೂಗಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ತುದಿಯಲ್ಲಿ ತಾಮ್ರ ಹೊಳೆಯುತ್ತಿದ್ದ ಆ ವೈರು ಮೂರನೆಯ ಸಲ ಬಂದಾಗ ಅದಕ್ಕೂ ಕಾಕಾನ ಮುಖಕ್ಕೂ ನಡುವೆ ಒಂದು ಗೇಣು ಜಾಗ ಇತ್ತೋ ಇಲ್ಲವೋ ಹೇಳಲಾರೆ. ಕೆಳಗೆ ನಿಂತವರಿಗೆ ಗೇಣೂ ಮೊಳವೂ ಒಂದೇ ಕಾಣುತ್ತದೆ. ನಾನು ಕೆಳಗೆ ನಿಂತಿದ್ದೆ. ಆ ಕೇಬಲ್ಲಿನ ಉದ್ದ ಇಷ್ಟೇ ಇರಲಿ ಎಂದು ಹೇಳಿದವಳೂ ನಾನೇ.

ಇಷ್ಟು ವರ್ಷಗಳಾದ ಮೇಲೂ ಬಸ್ಸಿಗೆ ಕಾಯುವಾಗ, ಒಲೆಯ ಮೇಲೆ ಹಾಲು ಇಟ್ಟು ನಿಂತಾಗ, ಅದು ಕಣ್ಣ ಮುಂದೆ ತೂಗುತ್ತದೆ. ವಿಚಿತ್ರವೆಂದರೆ ಅದರ ಬೆನ್ನಿಗೇ ಇನ್ನೊಂದು ನೆನಪು ಬರುತ್ತದೆ, ಮೈ ಜುಮ್ಮೆನ್ನುವಂಥ ಸಂತೋಷದ್ದು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಸಂತೋಷದಿಂದಲೇ ಶುರು ಮಾಡುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿ ಕಬ್ಬೂರಿನ ನಮ್ಮ ಮನೆಗೆ ಬಂದಿದ್ದೆ. ಚಿಕ್ಕೋಡಿಯ ಅಂಚಿನಲ್ಲಿ, ನಿಪ್ಪಾಣಿಗೆ ಹೋಗುವ ರಸ್ತೆಯ ಮೇಲೆ ಒಂದು ವರ್ಕ್‌ಶಾಪ್ ಇತ್ತು. ಸಕ್ಕರೆ ಕಾರ್ಖಾನೆಗಳಿಗೆ, ನದಿಯಿಂದ ಹೊಲಕ್ಕೆ ನೀರೆತ್ತುವ ದೊಡ್ಡ ಪಂಪುಗಳಿಗೆ ಬೇಕಾದ ವಿದ್ಯುತ್ ಪ್ಯಾನೆಲ್ಲುಗಳನ್ನು ಅಲ್ಲಿ ಮಾಡುತ್ತಿದ್ದರು. ಮಾಲೀಕರು ಕೊಲ್ಹಾಪುರದಿಂದ ಒಂದು ಕಂಪ್ಯೂಟರ್ ತಂದಿದ್ದರು. ನಕ್ಷೆ ಬರೆಯುವ ಕ್ಯಾಡ್ ಅದರಲ್ಲಿತ್ತು. ಅದನ್ನು ನಡೆಸಬಲ್ಲವರು ಸುತ್ತ ಹತ್ತು ಹಳ್ಳಿಗಳಲ್ಲಿ ಯಾರೂ ಇರಲಿಲ್ಲ. ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಅದನ್ನು ಮುಟ್ಟಿದ್ದೆ ಎಂಬ ಒಂದೇ ಕಾರಣಕ್ಕೆ ನನಗೆ ಕೆಲಸ ಸಿಕ್ಕಿತು.

ಆ ಕಂಪ್ಯೂಟರಿಗೆ ಒಂದು ಕೋಣೆ. ಕೋಣೆಗೆ ಹಸಿರು ಪರದೆ. ಒಳಗೆ ಬರುವವರು ಚಪ್ಪಲಿ ಹೊರಗೆ ಬಿಡಬೇಕು. ವೆಲ್ಡಿಂಗ್ ಮಾಡುವವರು ಪರದೆ ಸರಿಸಿ ಇಣುಕಿ, ದೇವರಿಗೆ ಕೈ ಮುಗಿದಂತೆ ಮಾಡಿ ನಗುತ್ತ ಹೋಗುತ್ತಿದ್ದರು.

ಮೊದಲ ಆರು ತಿಂಗಳು ನಾನು ಮಾಡಿದ್ದು ನಕಲು ಮಾಡುವ ಕೆಲಸ. ಪ್ಯಾನೆಲ್ಲು, ಮೋಟಾರು ಬರೆಯುವುದು ಕಷ್ಟವಲ್ಲ. ಅವು ಚೌಕ, ಅವು ದುಂಡು. ಜೀವ ತಿನ್ನುತ್ತಿದ್ದದ್ದು ಕೇಬಲ್ಲುಗಳು. ಪ್ರತಿ ಕೇಬಲ್ಲೂ ಬೇರೆ ದಾರಿ ಹಿಡಿಯುತ್ತದೆ, ಬೇರೆ ಕಡೆ ಬಾಗುತ್ತದೆ. ನದಿಯ ದಂಡೆಯ ಪಂಪು ಮಳೆಗಾಲದಲ್ಲಿ ಮೇಲೆ ಹತ್ತುತ್ತದೆ, ಬೇಸಿಗೆಯಲ್ಲಿ ನೀರಿನ ಹಿಂದೆ ಕೆಳಗೆ ಇಳಿಯುತ್ತದೆ. ಅದರ ಕೇಬಲ್ಲನ್ನು ಎರಡೂ ಜಾಗಕ್ಕೆ ಬರೆಯಬೇಕು. ರಾಯಬಾಗದ ರೈತರೊಬ್ಬರು ಬಂದು ಪಂಪನ್ನು ಎಂಟು ಅಡಿ ಆಚೆ ಇಡುತ್ತೇವೆ ಎಂದರೆ ನನ್ನ ಒಂದು ದಿನ ಹೋಯಿತು. ಗೆರೆ ಅಳಿಸು, ಕಮಾನು ಅಳಿಸು, ಮತ್ತೆ ಬರೆ, ಉದ್ದ ಕೂಡಿಸು. ಕೂಡಿಸುವಾಗ ಒಂದು ಕಮಾನು ಬಿಟ್ಟು ಹೋದರೆ ಕೇಬಲ್ಲು ಗಿಡ್ಡವಾಯಿತು.

ಒಂದು ಭಾನುವಾರ ನಮ್ಮ ಸೋದರತ್ತೆ ಪಡಸಾಲೆಯಲ್ಲಿ ಕುಳಿತು ಕುಪ್ಪಸ ಕತ್ತರಿಸುತ್ತಿದ್ದಳು. ಓಣಿಯ ಹೆಂಗಸರಿಗೆಲ್ಲ ಅವಳೇ ಹೊಲಿಯುವವಳು. ಅವಳ ಹತ್ತಿರ ಇದ್ದದ್ದು ದಪ್ಪ ಕಾಗದದ ಒಂದೇ ಒಂದು ಮಾದರಿ. ಮದುವೆಯಾಗದ ಹುಡುಗಿಗೂ ಅದೇ, ನಾಲ್ಕು ಹೆತ್ತವಳಿಗೂ ಅದೇ. ಮಾದರಿಯನ್ನು ಬಟ್ಟೆಯ ಮೇಲಿಟ್ಟು, ಇವಳಿಗೆ ಎದೆ ಇಷ್ಟು, ತೋಳು ಇಷ್ಟು ಎಂದು ಗೆರೆ ಆಚೆ ಈಚೆ ಸರಿಸುತ್ತಿದ್ದಳು. ನಾನು ಚಹಾದ ಬಟ್ಟಲು ಹಿಡಿದು ನೋಡುತ್ತಲೇ ನಿಂತೆ. ನಾನು ಪ್ರತಿ ಹೆಂಗಸಿಗೂ ಹೊಸ ಮಾದರಿ ಕತ್ತರಿಸುತ್ತಿದ್ದೇನೆ! ಕೇಬಲ್ಲಿಗೂ ಒಂದೇ ಮಾದರಿ ಇಟ್ಟುಕೊಂಡು, ಅಳತೆ ಮಾತ್ರ ಕೊಟ್ಟರೆ?

ಸೋಮವಾರ ಮೊದಲ ಬಸ್ಸಿಗೇ ಹೋದೆ. ಆ ಕ್ಯಾಡಿನ ಹೊಟ್ಟೆಯಲ್ಲಿ ಒಂದು ಸಣ್ಣ ಭಾಷೆ ಇತ್ತು. ಅದರಲ್ಲಿ ನಾವೇ ಆಜ್ಞೆಗಳನ್ನು ಬರೆಯಬಹುದು. ತುಂಬ ಕಂಸಗಳ ಭಾಷೆ ಅದು; ಒಂದು ಕಂಸ ಮುಚ್ಚದೆ ಬಿಟ್ಟರೆ ಇಡೀ ಬರಹ ಮುನಿಸಿಕೊಳ್ಳುತ್ತದೆ. ಒಂದು ಪುಸ್ತಕದ ಜೆರಾಕ್ಸ್ ಪ್ರತಿ, ಒಂದು ಪೆನ್ಸಿಲು, ನಾನು. ಮೂರು ವಾರ ಅದರಲ್ಲೇ ಮುಳುಗಿದೆ. ಮಧ್ಯಾಹ್ನದ ರೊಟ್ಟಿ ಎಷ್ಟೋ ಸಲ ಡಬ್ಬಿಯಲ್ಲೇ ಮನೆಗೆ ವಾಪಸ್ಸಾಯಿತು. ಕರೆಂಟು ಹೋದಾಗ ಕಾಗದದ ಮೇಲೆ ಕಂಸ ಎಣಿಸುತ್ತಿದ್ದೆ, ಬಂದಾಗ ಕೀಲಿಗಳನ್ನು ಬಡಿಯುತ್ತಿದ್ದೆ.

ಕೊನೆಗೊಂದು ದಿನ, ಹನ್ನೊಂದು ಗಂಟೆಯ ಹೊತ್ತಿಗೆ, ಅದು ಕೇಳಿದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಟ್ಟೆ. ಎಲ್ಲಿಂದ? ಎಲ್ಲಿಗೆ? ದಪ್ಪ ಎಷ್ಟು? ಕೊನೆಯ ಉತ್ತರ ಕೊಟ್ಟು ಕೀಲಿ ಒತ್ತಿದೆ. ಕಂಪ್ಯೂಟರಿನ ಪರದೆಯ ಒಂದು ಮೂಲೆಯಿಂದ ಹಳದಿ ಕೇಬಲ್ಲು ಹೊರಟಿತು. ಕಂಬದ ಹತ್ತಿರ ತಾನೇ ಬಾಗಿತು. ದಪ್ಪಕ್ಕೆ ತಕ್ಕಷ್ಟೇ ಬಾಗಿತು, ಯಾಕೆಂದರೆ ದಪ್ಪ ಕೇಬಲ್ಲನ್ನು ಇಕ್ಕಟ್ಟಾಗಿ ಮಡಚಿದರೆ ಒಳಗಿನ ತಾಮ್ರ ನೋಯುತ್ತದೆ ಎಂದು ಅದಕ್ಕೆ ಕಲಿಸಿದ್ದೆ. ಮೋಟಾರಿಗೆ ಹೋಗಿ ಮುಟ್ಟಿತು. ಕೆಳಗೆ ಉದ್ದ ಎಷ್ಟೆಂದು ತಾನೇ ಬರೆಯಿತು. ಮೋಟಾರನ್ನು ಆಚೆ ಸರಿಸಿ ಮತ್ತೆ ಕೇಳಿದೆ. ಕೇಬಲ್ಲು ಉದ್ದವಾಯಿತು. ಈಚೆ ಸರಿಸಿದೆ, ಗಿಡ್ಡವಾಯಿತು. ಒಬ್ಬಳೇ ಇದ್ದೆ, ಎದ್ದು ನಿಂತುಬಿಟ್ಟೆ.

ಆಮೇಲೆ ತಡೆಯಲಾಗಲಿಲ್ಲ. ನೆಲದಡಿ ಹೋಗುವ ಕೇಬಲ್ಲು, ಗೋಡೆಗೆ ಹತ್ತುವ ಕೇಬಲ್ಲು, ನದಿಯ ಪಂಪಿನ ಕೇಬಲ್ಲು, ಅವುಗಳ ಬಾಯಿಗೆ ಹಾಕಿ ಪೆಟ್ಟಿಗೆಗೆ ಬಿಗಿಯುವ ಹಿತ್ತಾಳೆಯ ಗ್ಲ್ಯಾಂಡುಗಳು, ಎಲ್ಲವನ್ನೂ ಒಂದೊಂದು ಮಾದರಿಯಾಗಿ ಮಾಡಿ ಒಂದೇ ಕಡೆ ಜೋಡಿಸಿದೆ. ಫೈಲಿನ ಹೆಸರಿಗೆ ಎಂಟೇ ಅಕ್ಷರ ಹಿಡಿಸುತ್ತಿದ್ದ ಕಾಲ. ನದಿ, ಗೋಡೆ, ನೆಲ ಎಂದೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಹೆಸರನ್ನೇ ಇಟ್ಟೆ. ಮಾಲೀಕರು ಅದನ್ನು ಲೈಬ್ರರಿ ಎನ್ನುತ್ತಿದ್ದರು. ಬಂದ ಗಿರಾಕಿಗಳನ್ನೆಲ್ಲ ಪರದೆ ಸರಿಸಿ ಕರೆತಂದು, "ತೋರಸ್ರಿ ಬಾಯಾರ, ಜಗ್ಗಿ ತೋರಸ್ರಿ" ಎನ್ನುತ್ತಿದ್ದರು. ನಾನು ಜಗ್ಗಿ ತೋರಿಸುತ್ತಿದ್ದೆ.

ನಮ್ಮ ವರ್ಕ್‌ಶಾಪಿನ ಹಿರಿಯ ವೈರ್‌ಮನ್ ಒಬ್ಬರಿದ್ದರು. ಕರೋಶಿ ಊರಿನವರು. ಐವತ್ತು ದಾಟಿತ್ತು. ನನ್ನ ಅಪ್ಪನಿಗೂ ಪರಿಚಯ, ಹಾಗಾಗಿ ನನಗೆ ಕಾಕಾ. ಅವರು ಅಳೆಯುತ್ತಿದ್ದದ್ದು ಒಂದು ನೂಲಿನ ಹಗ್ಗದಿಂದ. ಕೇಬಲ್ಲು ಹೋಗುವ ದಾರಿಯಲ್ಲಿ ಹಗ್ಗ ಹಾಸಿ, ಮೂಲೆ ಮೂಲೆಗೂ ಒತ್ತಿ, ಕೊನೆಗೆ ಅದನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಹಾಕಿ ಎಣಿಸುತ್ತಿದ್ದರು. ಒಂದು ದಿನ ಅವರೂ ಚಪ್ಪಲಿ ಬಿಟ್ಟು ಒಳಗೆ ಬಂದು ನೋಡಿದರು. ನಾನು ಮೋಟಾರನ್ನು ಹತ್ತು ಸಲ ಸರಿಸಿ ತೋರಿಸಿದೆ. ಅವರು ನೋಡಿ ಹೇಳಿದರು:

"ಚಲೋ ಐತಿ ತಂಗಿ. ರಬ್ಬರಿನ ಹಾವು ಸಾಕೀದಿ."

ಅದೇ ವರ್ಷ ಬೇಸಿಗೆಯ ಕೊನೆಗೆ ದೊಡ್ಡ ಕೆಲಸ ಬಂತು. ಅಥಣಿಯ ಆಚೆ ಒಂದು ಸಕ್ಕರೆ ಕಾರ್ಖಾನೆ, ಹೆಸರು ಇಲ್ಲಿ ಬೇಡ. ಕಬ್ಬು ಇಳಿಸಿಕೊಳ್ಳುವ ಅಂಗಳದಲ್ಲಿ ಹೊಸ ಕ್ರೇನ್ ಕೂಡಿಸುತ್ತಿದ್ದರು. ಅಂಗಳದ ಮೇಲೆ ಅಡ್ಡಲಾಗಿ ಒಂದು ದಪ್ಪ ಕಬ್ಬಿಣದ ತೊಲೆ. ತೊಲೆಯ ಮೇಲೆ ಹಳಿ. ಹಳಿಯ ಮೇಲೆ ಆಚೆ ಈಚೆ ಓಡಾಡುವ ಟ್ರಾಲಿ. ಟ್ರಾಲಿಯಿಂದ ಕೆಳಗೆ ಇಳಿಯುವ ಕಬ್ಬಿಣದ ಪಂಜ, ಗಾಡಿಯ ಕಬ್ಬನ್ನು ಒಂದೇ ಹಿಡಿತಕ್ಕೆ ಎತ್ತುತ್ತದೆ. ಟ್ರಾಲಿ ಓಡಾಡುವಾಗ ಅದಕ್ಕೆ ಕರೆಂಟು ಕೊಡುವ ಕೇಬಲ್ಲೂ ಜೊತೆಗೆ ಓಡಬೇಕಲ್ಲ? ಅದನ್ನು ಸಣ್ಣ ಗಾಲಿಗಳಿಗೆ ಕಟ್ಟಿ, ಜೋಲಿ ಜೋಲಿಯಾಗಿ ಇಳಿಬಿಡುತ್ತಾರೆ. ಟ್ರಾಲಿ ಹತ್ತಿರ ಬಂದರೆ ಜೋಲಿಗಳು ಒತ್ತೊತ್ತಾಗಿ ಕೆಳಗೆ ತೂಗುತ್ತವೆ, ದೂರ ಹೋದರೆ ಬಿಚ್ಚಿಕೊಂಡು ಅಗಲವಾಗುತ್ತವೆ.

ಅದನ್ನು ಕೇಳಿದಾಗಲೇ ನನಗೆ ಕುಣಿಯುವಂತಾಯಿತು. ಇಷ್ಟು ದಿನ ನನ್ನ ಕೇಬಲ್ಲು ನಿಂತಲ್ಲೇ ನಿಲ್ಲುತ್ತಿತ್ತು. ಇದು ಓಡಾಡುವ ಕೇಬಲ್ಲು! ಟ್ರಾಲಿ ಎಷ್ಟು ದೂರ ಓಡುತ್ತದೆ, ಜೋಲಿ ಎಷ್ಟು ಬೇಕು ಎಂದು ಹೇಳಿದರೆ ಸಾಕು, ಟ್ರಾಲಿ ಎಲ್ಲೇ ಇರಲಿ ಜೋಲಿಗಳು ಎಷ್ಟು ಇಳಿಯುತ್ತವೆ ಎಂದು ಬರೆದು ತೋರಿಸುವ ಮಾದರಿ ಮಾಡಿದೆ. ಎಂಟು ಜೋಲಿ ಹಾಕಿದೆ. ಟ್ರಾಲಿಯನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಹನ್ನೆರಡು ನಕ್ಷೆ ತೆಗೆದು, ಒಂದರ ಮೇಲೊಂದು ಹಿಡಿದು ಹಾಳೆಗಳನ್ನು ಫರ್‌ ಎಂದು ಬಿಟ್ಟರೆ, ಕ್ರೇನು ನಡೆದಂತೆಯೇ ಕಾಣುತ್ತಿತ್ತು. ವೆಲ್ಡಿಂಗಿನವರೂ ಸಾಲು ಹಚ್ಚಿ ನೋಡಿದರು.

ಟ್ರಾಲಿ ಎಷ್ಟು ದೂರ ಓಡುತ್ತದೆ ಎಂಬುದನ್ನು ನಾನು ಕ್ರೇನ್ ಮಾಡಿದವರ ನಕ್ಷೆಯಿಂದ ತೆಗೆದುಕೊಂಡಿದ್ದೆ. ಹಳಿಯ ಕೊನೆ ಮುಟ್ಟುವ ಮೊದಲೇ ಒಂದು ಕಬ್ಬಿಣದ ತಡೆಯನ್ನು ಬೆಸುಗೆ ಹಾಕಿರುತ್ತಾರೆ. ಟ್ರಾಲಿ ಅದಕ್ಕೆ ತಾಗಿ ನಿಲ್ಲುತ್ತದೆ, ಅದರಾಚೆ ಹೋಗುವುದಿಲ್ಲ. ತಡೆಯವರೆಗೆ ಹೋದ ಮೇಲೂ ಒಂದು ಮೊಳ ಕೇಬಲ್ಲು ಉಳಿಯುವಂತೆ ಇಟ್ಟೆ. ನೆಟ್ಟಗೆ ಕಾಣುತ್ತಿತ್ತು. ಅಷ್ಟರಲ್ಲಿ ಕಾಕಾ ಅಂಗಳಕ್ಕೆ ಹೋಗಿ, ತೊಲೆಯ ಮೇಲೆ ಹತ್ತಿ, ತಮ್ಮ ಹಗ್ಗದಿಂದ ಅಳೆದು ಬಂದರು. ಟ್ರಾಲಿ ಓಡುವ ದೂರ ಅವರ ಲೆಕ್ಕದಲ್ಲಿ ನನ್ನದಕ್ಕಿಂತ ಆರು ಮೊಳ ಹೆಚ್ಚು. ಅವರು ಹಳಿಯ ಕೊನೆಯವರೆಗೂ ಅಳೆದಿದ್ದರು.

ನಾನು ನಕ್ಷೆ ಬಿಚ್ಚಿ ತಡೆಯ ಜಾಗ ತೋರಿಸಿದೆ. ಟ್ರಾಲಿ ಇದರಾಚೆ ಹೋಗುವುದೇ ಇಲ್ಲ, ಹೆಚ್ಚಿನ ಕೇಬಲ್ಲು ಸುಮ್ಮನೆ ಕೆಳಗೆ ಜೋತು ಕಬ್ಬಿಗೆ ಸಿಕ್ಕಿಕೊಳ್ಳುತ್ತದೆ ಎಂದೆ. ಅದೂ ಸುಳ್ಳಲ್ಲ. ಕಾಕಾ ನಕ್ಷೆಯನ್ನು ನೋಡಿದರು, ನನ್ನನ್ನು ನೋಡಿದರು.

"ಹಾಳಿ ಮ್ಯಾಲಿನ ಕ್ರೇನ ನೀ ನಿಲ್ಲ ಅಂದಲ್ಲೆ ನಿಲ್ಲತೈತಿ ತಂಗಿ. ಹಂಗಾಮ ಚಾಲೂ ಆದ ಮ್ಯಾಲ ಯಾವ ಅಂಗಳದಾಗೂ ತಡೀ ಇದ್ದಲ್ಲೆ ಇದ್ದದ್ದ ನಾ ನೋಡಿಲ್ಲ."

ಮಾಲೀಕರು ನಮ್ಮಿಬ್ಬರ ನಡುವೆ ನಿಂತಿದ್ದರು. ನನ್ನ ಸಂಖ್ಯೆಯಲ್ಲಿ ದಶಾಂಶ ಬಿಂದುವಿನ ಆಚೆ ಎರಡು ಅಂಕಿ ಇದ್ದವು. ಕಾಕಾನ ಕೈಯಲ್ಲಿ ಹಗ್ಗ ಇತ್ತು. ಬಾಯಾರು ಹೇಳಿದಷ್ಟೇ ಕತ್ತರಿಸಿರಿ ಎಂದರು ಮಾಲೀಕರು. ಕಾಕಾ ನಾನು ಹೇಳಿದ ಗುರುತಿನ ಮೇಲೆಯೇ ಗರಗಸ ಇಟ್ಟರು. ನನಗೆ ಆಗ ಅನಿಸಿದ್ದು ಗೆದ್ದೆ ಎಂದು. ಇದನ್ನು ಮುಚ್ಚಿಡಬಾರದು.

ಕಬ್ಬು ಅರೆಯುವ ಹಂಗಾಮಿನ ಮೊದಲ ದಿನ ನಾವು ಮೂವರೂ ಹೋದೆವು. ಮಾಲೀಕರ ಜೀಪು. ನದಿಯ ಸೇತುವೆ ದಾಟುವಾಗಲೇ ಕಬ್ಬಿನ ಗಾಡಿಗಳ ಸಾಲು ಶುರುವಾಯಿತು. ಬೆಳಗಿನ ಹತ್ತು ಗಂಟೆ, ಹೊಗೆಯಿಲ್ಲದ ನೀಲಿ ಆಕಾಶ, ಅಂಗಳದ ತುಂಬ ಕಬ್ಬಿನ ಸಿಹಿ ವಾಸನೆ, ಎತ್ತುಗಳ ಗಂಟೆ, ಟ್ರ್ಯಾಕ್ಟರುಗಳ ಗದ್ದಲ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಹೆದರಿಕೆಯಿಂದಲ್ಲ. ಹಾಳೆಯ ಮೇಲೆ ಫರ್‌ ಎಂದು ಓಡಿದ್ದು ಇವತ್ತು ತಲೆಯ ಮೇಲೆ ಓಡಲಿದೆ.

ಕ್ರೇನ್ ನಡೆಸುವವರು ತೊಲೆಗೆ ತೂಗುಬಿಟ್ಟ ಗೂಡಿನಲ್ಲಿ ಕೂತಿದ್ದರು. ಮರಾಠಿ ಮಾತಾಡುವ ವಯಸ್ಸಾದವರು. ಅವರಿಗೆ ಮೇಲಿನ ಕೇಬಲ್ಲು ಕಾಣುವುದಿಲ್ಲ. ಅವರ ಕಣ್ಣೆಲ್ಲ ಕೆಳಗಿನ ಗಾಡಿಯವರ ಮೇಲೆ. ಕೇಬಲ್ಲಿನ ಮೇಲೆ ಕಣ್ಣಿಡಲು ಕಾಕಾ ತೊಲೆಯ ಪಕ್ಕದ ಕಿರಿದಾದ ಹಲಗೆ ದಾರಿಗೆ ಹತ್ತಿದರು. ಮೊದಲ ದಿನ ಗಾಲಿಗಳು ಸಿಕ್ಕಿಕೊಳ್ಳುತ್ತವೆ, ಯಾರಾದರೂ ಮೇಲೆ ಇರಲೇಬೇಕು ಎಂದರು. ಒಂದು ಕೈ ಕಬ್ಬಿಣದ ಕಟಾಂಜನದ ಮೇಲೆ, ಇನ್ನೊಂದು ಕೈಯಲ್ಲಿ ಟೆಸ್ಟರು. ಟ್ರಾಲಿಯ ಜೊತೆಗೇ ಅವರೂ ನಡೆಯುವುದು.

ತೆಂಗಿನಕಾಯಿ ಒಡೆದರು. ಟ್ರಾಲಿ ಹೊರಟಿತು. ನಾನು ಕತ್ತು ಎತ್ತಿ ನೋಡಿದೆ. ಮೊದಲನೆಯ ಜೋಲಿ ಬಿಚ್ಚಿಕೊಂಡಿತು. ಎರಡನೆಯದು. ಮೂರನೆಯದು. ನಾನು ಬರೆದ ಹನ್ನೆರಡು ಹಾಳೆಗಳು ಒಂದರ ಹಿಂದೊಂದು ಆಕಾಶದಲ್ಲಿ ಬರುತ್ತಿದ್ದವು. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಟ್ರಾಲಿ ನಿಂತಾಗ ಪಂಜ ಇಳಿಯಿತು, ಕಬ್ಬು ಎದ್ದಿತು. ಜನ ಸಿಳ್ಳೆ ಹಾಕಿದರು. ಎರಡನೆಯ ಸಲವೂ ಹಾಗೇ. ಮಾಲೀಕರು ದೂರದಲ್ಲಿ ಮುಖ್ಯ ಸ್ವಿಚ್ಚಿನ ಪಕ್ಕದಿಂದ ನನ್ನ ಕಡೆ ಕೈ ಎತ್ತಿ ನಕ್ಕರು.

ಮೂರನೆಯದಕ್ಕೆ ಎತ್ತಿನ ಗಾಡಿಯ ಪಾಳಿ. ಅಲ್ಲೇ ಹತ್ತಿರದ ಅನಂತಪುರದ ಕಡೆಯ ಗಾಡಿಯವರೊಬ್ಬರು ಬಂದು ಅಂಗಳದ ಹೊರ ಅಂಚಿನ ದಾರಿಯಲ್ಲಿ ಗಾಡಿ ನಿಲ್ಲಿಸಿದರು. ಪಂಜ ಅಷ್ಟು ದೂರ ಹೇಗೆ ಬರುತ್ತದೆ ಎಂದು ನನಗೆ ಅನುಮಾನವಾಗಿ, ಒಳಗೆ ತಂದು ನಿಲ್ಲಿಸಬಾರದೇ ಎಂದು ಅವರನ್ನು ಕೇಳಿದೆ. ಅವರು ನನ್ನನ್ನು ಪೇಟೆಯ ಹುಡುಗಿ ಎಂದುಕೊಂಡಿರಬೇಕು.

"ಟ್ಯಾಕ್ಟರ್ ಹಿಂದಕ್ಕ ಸರೀತೈತ್ರಿ ಬಾಯಾರ. ಎತ್ತ ಹೊರಿ ಹೊತ್ತ ಹಿಂದಕ್ಕ ಸರಿತಾವ ಏನ್ರಿ? ಒಳಗ ಹೊಕ್ಕರ ಹೊರಗ ಬರೂದ ಹೆಂಗ? ಅದಕ್ಕ ನಿನ್ನಿ ಹೇಳಿ ಮ್ಯಾಲಿನ ತಡೀ ಸರಸ್ಯಾರ. ಎರಡೂವರಿ ಮೊಳ ಮುಂದ ಬರತೈತಿ ಈಗ."

ನಮ್ಮ ಮನೆಯಲ್ಲಿ ಎರಡು ಜೋಡಿ ಎತ್ತು ಇದ್ದವು. ಎತ್ತು ಹೊರೆ ಹೊತ್ತು ಹಿಂದೆ ಸರಿಯುವುದಿಲ್ಲ ಎಂಬುದನ್ನು ನಡೆಯಲು ಕಲಿತಾಗಲೇ ಕಲಿತವಳು ನಾನು. ಕಂಪ್ಯೂಟರಿನ ಮುಂದೆ ಕೂತಾಗ ಅದು ನೆನಪಿಗೇ ಬಂದಿರಲಿಲ್ಲ. ನಕ್ಷೆಯಲ್ಲಿ ಬರೆದ ಗಾಡಿಗಳೆಲ್ಲ ಟ್ರೇಲರುಗಳಾಗಿದ್ದವು.

ಎರಡೂವರೆ ಮೊಳ. ನಾನು ಉಳಿಸಿದ್ದು ಒಂದು ಮೊಳ.

ತಲೆ ಎತ್ತಿದೆ. ಟ್ರಾಲಿ ಆಗಲೇ ಅರ್ಧ ದಾರಿ ದಾಟಿತ್ತು. ಜೋಲಿಗಳು ಅಗಲವಾಗುತ್ತಿದ್ದವು, ಕಾಕಾ ಟ್ರಾಲಿಯ ಪಕ್ಕದಲ್ಲಿ ನಡೆಯುತ್ತಿದ್ದರು, ಮುಖ ಗಾಲಿಗಳ ಕಡೆ. ನಾನು ಕೂಗಿದೆ. ಕಾಕಾ ಎಂದೆ, ನಿಲ್ಲಸ್ರಿ ಎಂದೆ, ಥಾಂಬಾ ಎಂದು ಮರಾಠಿಯಲ್ಲಿಯೂ ಕೂಗಿದೆ. ಟ್ರ್ಯಾಕ್ಟರುಗಳ ಗದ್ದಲದಲ್ಲಿ ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಮಾಲೀಕರು ಇನ್ನೂ ಜನರ ಜೊತೆ ಮಾತಾಡುತ್ತಿದ್ದರು.

ಗಾಡಿಯವರ ಹೆಗಲ ಮೇಲೆ ಕೆಂಪು ಟವೆಲ್ಲು ಇತ್ತು. ಅದನ್ನು ಕಿತ್ತುಕೊಂಡೆ. ತಲೆಯ ಮೇಲೆ ಎತ್ತಿ, ಇದ್ದ ಶಕ್ತಿಯೆಲ್ಲ ಹಾಕಿ ಗರಗರ ಬೀಸಿದೆ. ಗೂಡಿನಲ್ಲಿದ್ದ ಕ್ರೇನಿನವರು ನನ್ನನ್ನು ನೋಡಿದರು. ನೋಡಿದ್ದು ಸ್ಪಷ್ಟವಾಗಿ ಕಂಡಿತು. ತಲೆಯಾಡಿಸಿದರು. ಟ್ರಾಲಿಯ ವೇಗ ಹೆಚ್ಚಾಯಿತು.

ಆ ಅಂಗಳದಲ್ಲಿ ಟವೆಲ್ಲು ಬೀಸಿದರೆ ಇನ್ನೂ ಮುಂದೆ ಬಾ ಎಂದರ್ಥ. ಕಬ್ಬು ತರುವ ಪ್ರತಿಯೊಬ್ಬ ಗಾಡಿಯವನಿಗೂ ಅದು ಗೊತ್ತು. ನನ್ನ ಅಪ್ಪನಿಗೆ ಗೊತ್ತು, ಅಣ್ಣನಿಗೆ ಗೊತ್ತು. ನಮ್ಮ ಕಬ್ಬೂ ಪ್ರತಿ ವರ್ಷ ಕಾರ್ಖಾನೆಗೆ ಹೋಗುತ್ತಿತ್ತು, ಆದರೆ ಗಾಡಿಯ ಜೊತೆ ಹೋಗುತ್ತಿದ್ದದ್ದು ಗಂಡಸರು. ಮನೆಯ ಹೆಂಗಸರು ಗಾಡಿಯನ್ನು ಹೊಲದ ಅಂಚಿನವರೆಗೆ ಕಳಿಸಿ ಬರುತ್ತಿದ್ದೆವು. ಅಂಗಳದ ಮಾತು ನನಗೆ ಬರುತ್ತಿರಲಿಲ್ಲ. ನಾನು ನಿಲ್ಲು ಎಂದುಕೊಂಡು, ಕಾಕಾನ ಮೇಲೆ ಬಾ ಬಾ ಎಂದು ಬೀಸುತ್ತಿದ್ದೆ.

"ಬ್ಯಾಡ ಬೇ, ಕೊಡ ಇಲ್ಲೆ" ಎಂದು ಗಾಡಿಯವರು ನನ್ನ ಕೈಯಿಂದ ಟವೆಲ್ಲು ಕಸಿದುಕೊಂಡರು. ಯಾಕೆ ಎಂದು ಅವರಿಗೆ ಗೊತ್ತಿರಲಿಲ್ಲ. ನನ್ನ ಮುಖ ನೋಡಿದ್ದೇ ಸಾಕಾಗಿತ್ತು. ಟವೆಲ್ಲನ್ನು ಎರಡೂ ಕೈಯಲ್ಲಿ ಅಗಲಕ್ಕೆ ಬಿಗಿದು ಎದೆಯ ಮುಂದೆ ಹಿಡಿದು, ಒಮ್ಮೆಲೇ ನೆಲಕ್ಕೆ ಬಡಿದರು. ನಿಲ್ಲು ಎಂಬುದಕ್ಕೆ ಅದು.

ಬ್ರೇಕು ಬಿದ್ದ ಸದ್ದು ಕೇಳಿಸಿತು. ಭಾರದ ಟ್ರಾಲಿ, ಬ್ರೇಕು ಬಿದ್ದ ಕೂಡಲೇ ನಿಲ್ಲುವುದಿಲ್ಲ. ಎಂಟು ಜೋಲಿಗಳೂ ಮಾಯವಾದವು. ಕೇಬಲ್ಲು ತಂತಿಯಂತೆ ನೆಟ್ಟಗಾಯಿತು. ಟ್ರಾಲಿಯ ಮೇಲಿನ ಪೆಟ್ಟಿಗೆಯಿಂದ ಗ್ಲ್ಯಾಂಡು ಕಿತ್ತು ಬಂತು. ಕಬ್ಬು ಲಟಕ್ಕನೆ ಮುರಿದಂಥ ಸದ್ದು, ಅಷ್ಟೇ. ಕೇಬಲ್ಲು ಹಿಂದಕ್ಕೆ ಚಿಮ್ಮಿತು. ಅದರ ಬಾಯಿಂದ ಹೊರಬಿದ್ದ ಒಂದು ಎಳೆ, ತುದಿ ಬರಿದಾಗಿ, ಕಾಕಾನ ಮುಂದೆ ತೂಗತೊಡಗಿತು. ಅದರಲ್ಲಿ ಕರೆಂಟು ಇತ್ತು.

ಕಬ್ಬಿಣ ಹಿಡಿದಿದ್ದರೆ ಕರೆಂಟಿಗೆ ದಾರಿಯಾಗುತ್ತದೆ ಎಂದು ಕಾಕಾ ಕಟಾಂಜನದಿಂದ ಕೈ ತೆಗೆದರು. ಕೈಗಳನ್ನು ಎದೆಗೆ ಒತ್ತಿಕೊಂಡು, ಹಲಗೆಯ ಮೇಲೆ ಎರಡೂ ಕಾಲು ಜೋಡಿಸಿ ನಿಂತರು. ಹಿಂದೆ ಸರಿಯಲಿಲ್ಲ, ಬಾಗಲಿಲ್ಲ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಅಷ್ಟರಲ್ಲಿ ಮಾಲೀಕರು ಮುಖ್ಯ ಸ್ವಿಚ್ಚಿನ ಹಿಡಿಕೆ ಎಳೆದರು. ಅಂಗಳದ ಯಂತ್ರಗಳೆಲ್ಲ ಒಟ್ಟಿಗೆ ಸುಮ್ಮನಾದವು.

ಕಾಕಾ ಏಣಿ ಇಳಿದು ಬಂದು ಕಬ್ಬಿನ ಹೊರೆಯ ಮೇಲೆ ಕುಳಿತರು. ಗಾಡಿಯವರು ನೀರು ಕೊಟ್ಟರು. ತಂಬಿಗೆ ಹಲ್ಲಿಗೆ ಬಡಿಯುತ್ತಿತ್ತು. ನಾನು ಎದುರಿಗೆ ಮಣ್ಣಿನ ಮೇಲೇ ಕುಳಿತೆ. ಟವೆಲ್ಲು ಬೀಸಿದವಳು ನಾನೇ ಎಂದು ಹೇಳಿದೆ. ಅವರು ನೀರು ಕುಡಿದು ಮುಗಿಸಿದರು.

"ನೋಡೀನಿ. ಮ್ಯಾಲಿಂದ ಚಂದ ಕಾಣತಿತ್ತ. ನಿಮ್ಮಪ್ಪಗ ಹೇಳಬ್ಯಾಡ, ನಾಳಿಂದ ಗಾಡಿ ಜೋಡಿ ನಿನ್ನ ಕಳಸ್ಯಾನು."

ನಗಬೇಕೆಂದೇ ಹೇಳಿದ್ದರು. ನಾನು ಅತ್ತೆ. ಅವರು ಬಯ್ದಿದ್ದರೆ ಅಳುತ್ತಿರಲಿಲ್ಲವೇನೋ.

ಮರುದಿನ ಕಂಪ್ಯೂಟರಿನ ಮುಂದೆ ಕುಳಿತಾಗ ಇನ್ನೊಂದು ಹೆದರಿಕೆ ಕಾದಿತ್ತು. ಆ ಒಂದು ಮೊಳವನ್ನು ನಾನು ಕ್ರೇನಿನ ಕೇಬಲ್ಲಿಗೆ ಮಾತ್ರ ಇಟ್ಟದ್ದಲ್ಲ. ಎಲ್ಲ ಮಾದರಿಗಳ ಒಳಗೂ ಅದನ್ನೇ ಬರೆದಿದ್ದೆ. ನದಿಯ ಪಂಪುಗಳು, ಕಾಗವಾಡದ ಕಡೆ ಕಳಿಸಿದ ನಕ್ಷೆಗಳು, ಎಲ್ಲೆಲ್ಲಿ ನನ್ನ ರಬ್ಬರಿನ ಹಾವು ಹೋಗಿತ್ತೋ ಅಲ್ಲೆಲ್ಲ ಆ ಒಂದು ಮೊಳವೂ ಹೋಗಿತ್ತು. ಮಾದರಿಗಳನ್ನೆಲ್ಲ ಅಳಿಸಿಬಿಡಬೇಕೆಂದು ಆಜ್ಞೆ ಬಡಿದೆ. ಖಾತ್ರಿಯೇ ಎಂದು ಕಂಪ್ಯೂಟರ್ ಕೇಳಿತು. ಉತ್ತರ ಕೊಡುವ ಮೊದಲು ಪರದೆ ಸರಿದು ಕಾಕಾ ಬಂದರು. ಏನು ಮಾಡುತ್ತಿದ್ದೇನೆಂದು ಕೇಳಿದರು. ಹೇಳಿದೆ. ಇದು ಇದ್ದರೆ ಮತ್ತೆ ಇನ್ನೊಬ್ಬರ ಮುಖದ ಮುಂದೆ ತೂಗುತ್ತದೆ ಎಂದೆ. ಅವರು ಸ್ಟೂಲು ಎಳೆದುಕೊಂಡು ಕುಳಿತರು.

"ಕೈಲೆ ಬರದ್ರೂ ತಪ್ಪತಿದ್ದಿ. ಆದ್ರ ಎಲ್ಲೆಲ್ಲಿ ತಪ್ಪೀನಿ ಅನ್ನೂದು ಹುಡುಕಾಕ ಒಂದ ವರ್ಷಾ ಬೇಕಾಗತಿತ್ತು. ಇದರಾಗ ಎಲ್ಲಾ ಒಂದ ಕಡೆ ಐತಲ್ಲ? ತಿದ್ದು. ನಾ ಕುಂದರತೀನಿ."

ಕುಳಿತರು. ಮಧ್ಯಾಹ್ನದವರೆಗೂ ಕುಳಿತರು. ನಾನು ಆ ಒಂದು ಮೊಳವನ್ನು ಕಿತ್ತು ಹಾಕಿದೆ. ಅದರ ಜಾಗದಲ್ಲಿ ಎರಡು ಹೊಸ ಪ್ರಶ್ನೆ ಬರೆದೆ. ನೆಲದ ಮೇಲೆ ಅಳೆದದ್ದು ಎಷ್ಟು? ಅಳೆದವರು ಯಾರು? ಇವೆರಡಕ್ಕೂ ಉತ್ತರ ಕೊಡದಿದ್ದರೆ ಕೇಬಲ್ಲು ಪರದೆಯ ಮೇಲೆ ಹೊರಡುವುದೇ ಇಲ್ಲ. ಕೊಟ್ಟರೆ, ನಕ್ಷೆಯ ಅಳತೆ, ನೆಲದ ಅಳತೆ, ಎರಡರಲ್ಲಿ ಯಾವುದು ದೊಡ್ಡದೋ ಅದನ್ನು ಹಿಡಿಯುತ್ತದೆ. ಓಡಾಡುವ ಕೇಬಲ್ಲಾದರೆ ತಡೆಯವರೆಗಲ್ಲ, ಹಳಿಯ ಕೊನೆಯವರೆಗೆ. ಕಾಕಾ ಮೊಳದಲ್ಲಿ ಹೇಳಿದರು, ನಾನು ಮೀಟರಿಗೆ ತಿರುಗಿಸಿ ಬಡಿದೆ. ಎಂಟು ಜೋಲಿಗಳೂ ಪರದೆಯ ಮೇಲೆ ಕೆಳಗಿಳಿದವು, ಮೊದಲಿಗಿಂತ ಆಳವಾಗಿ. ಜೋಲಿ ಕಬ್ಬಿಗೆ ತಾಗದ ಹಾಗೆ ಒಂದು ಗಾಲಿ ಹೆಚ್ಚಿಸು ಎಂದರು. ಒಂದು ಅಂಕಿ ಬದಲಿಸಿದೆ, ಒಂಬತ್ತು ಜೋಲಿಯಾಯಿತು. ಇಷ್ಟೇ ಸಾಕಾ ಎಂದು ಅವರು ಬೆರಗಿನಿಂದ ಕೇಳಿದಾಗ, ನಾಚಿಕೆಯಿಲ್ಲದೆ ನನ್ನೊಳಗೆ ಹಳೆಯ ಸಂತೋಷ ಮತ್ತೆ ಎದ್ದಿತು. ಆ ವಾರದಲ್ಲೇ ಹಳೆಯ ನಕ್ಷೆಗಳನ್ನೆಲ್ಲ ತೆಗೆದು, ಕಾಕಾ ಎಲ್ಲೆಲ್ಲಿ ಹೋಗಿ ಅಳೆದು ಬಂದರೋ ಅಲ್ಲೆಲ್ಲ ಕೇಬಲ್ಲುಗಳನ್ನು ಹೊಸದಾಗಿ ಹೊರಡಿಸಿದೆ. ನದಿಯ ದಂಡೆಯ ಎರಡು ಪಂಪುಗಳ ಕೇಬಲ್ಲನ್ನು ಬದಲಿಸಬೇಕಾಯಿತು. ಪುಣ್ಯಕ್ಕೆ ಬೇಸಿಗೆ ಇನ್ನೂ ಬಂದಿರಲಿಲ್ಲ, ಪಂಪುಗಳು ಕೆಳಗೆ ಇಳಿದಿರಲಿಲ್ಲ.

ಕ್ರೇನಿಗೆ ಹೊಸ ಕೇಬಲ್ಲು ಏರಿಸಿದ ದಿನ ಮತ್ತೆ ಯಾರಾದರೂ ಮೇಲೆ ಹೋಗಬೇಕಿತ್ತು. ಕಾಕಾ ಚಪ್ಪಲಿ ಬಿಟ್ಟು ರಬ್ಬರಿನ ಬೂಟು ಹಾಕಿಕೊಳ್ಳುತ್ತಿದ್ದರು. ನನಗೂ ಒಂದು ಜೊತೆ ಕೊಡಿರಿ ಎಂದೆ. ಮಾಲೀಕರು ಬೇಡವೆಂದರು. ಅಂಕಿ ನನ್ನದು, ಅದರ ಪಕ್ಕದಲ್ಲಿ ನಾನೇ ನಡೆಯುತ್ತೇನೆ ಎಂದೆ. ಕಾಕಾ ತಮ್ಮ ಬೂಟನ್ನೇ ಕಳಚಿ ನನ್ನ ಮುಂದೆ ಇಟ್ಟು, ತಾವು ಕ್ರೇನಿನವರ ಬೂಟು ಕೇಳಿ ತಂದರು.

ಕಾಕಾನ ಹಿಂದೆ ಏಣಿ ಹತ್ತಿದೆ. ಮೇಲೆ ಗಾಳಿ ಜೋರಾಗಿತ್ತು. ದೂರದಲ್ಲಿ ನದಿ, ಅದರ ದಂಡೆಗುಂಟ ಕಬ್ಬು. ಟ್ರಾಲಿ ನಿಧಾನವಾಗಿ ಹೊರಟಿತು. ನಾವಿಬ್ಬರೂ ಅದರ ಜೊತೆ ನಡೆದೆವು, ಕಾಕಾ ಮುಂದೆ, ನಾನು ಹಿಂದೆ. ಪೆಟ್ಟಿಗ್ಯಾಗಿನ ಗ್ಲ್ಯಾಂಡಿನ ಮೇಲೆ ಕಣ್ಣಿಡು, ಜೋಲಿ ನಾ ನೋಡ್ತೀನಿ ಎಂದಿದ್ದರು. ನನಗೆ ಜೋಲಿಗಳ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಒಂದೊಂದೇ ಅಗಲವಾದವು. ಹಳೆಯ ತಡೆಯನ್ನು ಕತ್ತರಿಸಿ ತೆಗೆದ ಕರಿ ಗುರುತು ಹಳಿಯ ಮೇಲೆ ಕಂಡಿತು. ಟ್ರಾಲಿ ಅದನ್ನು ದಾಟಿತು. ಹೊಸ ತಡೆಗೆ ಡಬ್ ಎಂದು ತಾಗಿ ನಿಂತಿತು. ಹಲಗೆ ಅದುರಿತು.

ಒಂಬತ್ತು ಜೋಲಿಗಳೂ ಇನ್ನೂ ತೂಗುತ್ತಿದ್ದವು. ಆಳವಿಲ್ಲದೆ, ಅಗಲವಾಗಿ, ಸುಮ್ಮನೆ.

"ಎಷ್ಟ ಉಳೀತ ಹೇಳು" ಎಂದರು ಕಾಕಾ.

ನಾನು ಕಣ್ಣಲ್ಲೇ ಅಳೆದು ನಾಲ್ಕು ಮೊಳ ಎಂದೆ.

"ಮೂರೂವರಿ. ಬರಕೋ."

ಬರೆದುಕೊಳ್ಳಲು ಕಟಾಂಜನದಿಂದ ಕೈ ತೆಗೆಯಬೇಕಿತ್ತು. ಬೆರಳುಗಳು ಬಿಡಲಿಲ್ಲ. ಕಾಕಾ ನನ್ನ ಕೈಯನ್ನು ನೋಡಿದರು, ನನ್ನ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದುಕೊಂಡು ತಮ್ಮ ಅಂಗೈಯ ಮೇಲೆ ತಾವೇ ಬರೆದುಕೊಂಡರು. ಆಮೇಲೆ ಕ್ರೇನಿನವರಿಗೆ ಸನ್ನೆ ಮಾಡಿದರು. ಟ್ರಾಲಿ ವಾಪಸ್ಸು ಹೊರಟಿತು, ಜೋಲಿಗಳು ಒಂದರ ಹತ್ತಿರ ಒಂದು ಬರತೊಡಗಿದವು, ನಾನು ಕಟಾಂಜನದ ಮೇಲೆ ಒಂದು ಕೈ ಜಾರಿಸಿ, ಇನ್ನೊಂದು ಕೈ ಜಾರಿಸಿ, ಅವುಗಳ ಜೊತೆಗೇ ನಡೆದೆ.